ಮಗಳ ನಾಟಕದ ಡಿಗ್ರಿಗೆ ತೋಟ ಅಡ ಇಟ್ಟು 9 ಲಕ್ಷ ಸಾಲ ಮಾಡಬಹುದಾ?

ತಿಪಟೂರು ಕಂಡಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್. ತಿಪಟೂರು ಹತ್ತಿರದ ಹಳ್ಳಿಯವನು. ಕಡಿತ ಎಲ್ಲ ಹೋಗಿ ತಿಂಗಳಿಗೆ ಕೈಗೆ ಬರುವುದು 36 ಸಾವಿರ. ಎರಡು ಎಕರೆ ತೆಂಗಿನ ತೋಟ ಇದೆ. ಮನೆಯಲ್ಲಿ ಹೆಂಡತಿ, ಮಗಳು, ಒಂಬತ್ತನೇ ಕ್ಲಾಸಿನ ಮಗ, ನನ್ನ ತಾಯಿ.

ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದಳು. ಕಾಮರ್ಸ್, 84 ಪರ್ಸೆಂಟ್. ಎಲ್ಲರೂ ಬಿ.ಕಾಂ. ಮಾಡಿಸಿ, ಸಿ.ಎ. ಮಾಡಿಸಿ ಅಂತಾರೆ. ಅವಳಿಗೆ ನಾಟಕ ಕಲಿಯಬೇಕು. ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಕರೆದುಕೊಂಡು ಹೋಗಿದ್ದರು. ಆವತ್ತಿಂದ ಶುರುವಾಗಿದ್ದು ಇನ್ನೂ ಇಳಿದಿಲ್ಲ.

ನನಗೆ ಹೇಳದೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಆಡಿಷನ್‌ಗೆ ಕರೆ ಬಂದಾಗ ಹೇಳಿದಳು. ನಾನೇ ಕರೆದುಕೊಂಡು ಹೋದೆ. ಮೂರು ವರ್ಷದ ಬಿ.ಎ., ರಂಗಭೂಮಿಯೇ ಮುಖ್ಯ ವಿಷಯ. ಸೀಟು ಸಿಕ್ಕಿದೆ. ಫೀಸು ವರ್ಷಕ್ಕೆ 2 ಲಕ್ಷ 60 ಸಾವಿರ. ಹಾಸ್ಟೆಲ್ ಮತ್ತು ಊಟ 1 ಲಕ್ಷ 20 ಸಾವಿರ. ಮೂರು ವರ್ಷಕ್ಕೆ ಒಟ್ಟು 11 ಲಕ್ಷ 40 ಸಾವಿರ. ನನ್ನ ಹತ್ತಿರ ಇರುವುದು 2 ಲಕ್ಷ 40 ಸಾವಿರ. ಉಳಿದ 9 ಲಕ್ಷಕ್ಕೆ ಸಾಲವೇ ಗತಿ. ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಬೇಕು, ತೋಟದ ಪಹಣಿ ತನ್ನಿ ಅಂದರು ಬ್ಯಾಂಕಿನಲ್ಲಿ. ಬಡ್ಡಿ ಹತ್ತೂವರೆ ಪರ್ಸೆಂಟ್.

ನಾಟಕ ನನಗೆ ಹೊಸದಲ್ಲ. ನಮ್ಮಪ್ಪ ಊರಿನ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನ ಪಾರ್ಟು ಮಾಡುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕ ನೋಡಿದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಆದರೆ ನಮ್ಮ ಕಡೆ ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಎಲ್ಲ ಪಾರ್ಟಿನ ಮೇಲೆ ಹಂಚಿಕೆ. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಒಂದು ವರ್ಷ ಅಪ್ಪ ಅದಕ್ಕೋಸ್ಕರ ಹಸು ಮಾರಿದ್ದರು. ಅಮ್ಮ ಅತ್ತಿದ್ದು ನೆನಪಿದೆ. ನಾಟಕಕ್ಕೆ ದುಡ್ಡು ಹಾಕುವವರನ್ನು ನೋಡಿದ್ದೇನೆ. ನಾಟಕದಿಂದ ಮನೆ ನಡೆಸಿದವರನ್ನು ಹತ್ತಿರದಿಂದ ನೋಡಿಲ್ಲ.

ಬೇಡ ಅನ್ನೋಕೆ ಮನಸ್ಸು ಬರುತ್ತಿಲ್ಲ. ಸಾಲದ ಕಾಗದಕ್ಕೆ ಸೈನ್ ಮಾಡೋಕೆ ಕೈಯೂ ಬರುತ್ತಿಲ್ಲ. ಶುಕ್ರವಾರದೊಳಗೆ ಸೀಟಿಗೆ ಅಡ್ವಾನ್ಸ್ ಕಟ್ಟಬೇಕು. ಈ ಡಿಗ್ರಿ ಮಾಡಿದವರಿಗೆ ತಿಂಗಳಿಗೆ ಎಷ್ಟು ಬರುತ್ತದೆ? ಗೊತ್ತಿರುವವರು ದಯವಿಟ್ಟು ನಿಜ ಹೇಳಿ.

ನಿವೃತ್ತ ಬ್ಯಾಂಕಿನವ, ಹಾಸನ

ಕಂಡಕ್ಟರ್ ಸಾಹೇಬರೇ, ನಾಟಕದ ವಿಚಾರ ನನಗೆ ಗೊತ್ತಿಲ್ಲ. ಸಾಲದ ವಿಚಾರ ಮಾತ್ರ ಹೇಳುತ್ತೇನೆ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವನು.

ನೀವು ವರ್ಷಕ್ಕೆ 3 ಲಕ್ಷದಂತೆ ಮೂರು ಸಲ ತೆಗೆದುಕೊಳ್ಳುತ್ತೀರಿ ಅಂತಿಟ್ಟುಕೊಳ್ಳೋಣ. ಓದುವ ಮೂರು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಬಹಳ ಜನ ಬಡ್ಡಿಯೂ ಇಲ್ಲ ಅಂತ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಹತ್ತೂವರೆ ಪರ್ಸೆಂಟ್ ಸರಳ ಬಡ್ಡಿ ಹಾಕಿದರೆ ನಾಲ್ಕು ವರ್ಷದ ಕೊನೆಗೆ 2 ಲಕ್ಷ 83 ಸಾವಿರದ 500 ಬಡ್ಡಿಯೇ ಆಗಿರುತ್ತದೆ. 9 ಲಕ್ಷ ಹೋಗಿ 11 ಲಕ್ಷ 83 ಸಾವಿರ ಚಿಲ್ಲರೆ. ಅದನ್ನು ಹತ್ತು ವರ್ಷಕ್ಕೆ ಹಾಕಿದರೆ ತಿಂಗಳಿಗೆ ಸುಮಾರು 16 ಸಾವಿರ ಕಂತು. ಹದಿನೈದು ವರ್ಷಕ್ಕೆ ಹಾಕಿದರೆ ಸುಮಾರು 13 ಸಾವಿರ. ಆದರೆ ಆಗ ಒಟ್ಟು ಕಟ್ಟುವುದು ಇಪ್ಪತ್ತಮೂರುವರೆ ಲಕ್ಷ ದಾಟುತ್ತದೆ.

ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದರೆ ಕಂತು ಹತ್ತು ವರ್ಷಕ್ಕೆ 12 ಸಾವಿರದ ಹತ್ತಿರ ನಿಲ್ಲುತ್ತದೆ. ಮೊದಲ ವರ್ಷ ತಿಂಗಳಿಗೆ 2,625, ಎರಡನೇ ವರ್ಷ 5,250, ಮೂರನೇ ವರ್ಷದಿಂದ 7,875. ಮಗನ ಓದು ಇಟ್ಟುಕೊಂಡು ನಿಮ್ಮ ಸಂಬಳದಲ್ಲಿ ಇದು ಕಷ್ಟ.

ಇನ್ನೊಂದು ಮಾತು. ಏಳೂವರೆ ಲಕ್ಷದವರೆಗೆ ಸರ್ಕಾರದ ಗ್ಯಾರಂಟಿ ಯೋಜನೆ ಇರುವುದರಿಂದ ಆಸ್ತಿ ಕೇಳಬಾರದು. ಅದರ ಮೇಲೆ ಹೋದರೆ ಕೇಳುತ್ತಾರೆ. ಸಾಲ ಕಟ್ಟದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ತಾಗುವುದಿಲ್ಲ, ಹಾಗಾಗಿ ಬಹಳಷ್ಟು ಶಾಖೆಗಳು ತೋಟ ಬೇಡ, ಮನೆ ಅಥವಾ ಸೈಟು ಕೊಡಿ ಅಂತ ಹೇಳುತ್ತವೆ. ನಿಮ್ಮ ಶಾಖೆಯವರು ತೋಟ ಒಪ್ಪಿದ್ದಾರೆ ಅಂದರೆ ಯಾವ ಕಾಗದಕ್ಕೆ ಸೈನ್ ಹಾಕಿಸಿಕೊಳ್ಳುತ್ತಾರೆ ಅಂತ ಪೂರ್ತಿ ಓದಿಸಿ ಕೇಳಿ. ಹೆಣ್ಣುಮಕ್ಕಳಿಗೆ ಕೆಲವು ಬ್ಯಾಂಕುಗಳಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಇದೆ, ಅದನ್ನೂ ವಿಚಾರಿಸಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಬಡ್ಡಿ ರಿಯಾಯಿತಿ ಇದೆ, ಆದರೆ ಆ ಸಂಸ್ಥೆ ಅವರ ಪಟ್ಟಿಯಲ್ಲಿ ಇರಬೇಕು. ಮೊದಲು ಅದನ್ನು ನೋಡಿ.

ಸಾಲದಲ್ಲಿ ನೀವೂ ಜೊತೆ ಸಾಲಗಾರರು. ಅವಳು ಕಟ್ಟದೇ ಹೋದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ಮಗನಿಗೆ ಸಾಲ ಬೇಕಾದ ಹೊತ್ತಿಗೆ ಅದು ಅಡ್ಡ ಬರುತ್ತದೆ.

ಲೈಟಿನವನು, ಬೆಂಗಳೂರು

ಅಣ್ಣಾ, ನಿಮ್ಮ ತಂದೆಯವರು ಹಸು ಮಾರಿದ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ನಾಟಕದಿಂದಲೇ ಮನೆ ನಡೆಸುವವನು. ವಯಸ್ಸು 41. ಹೆಂಡತಿ ನರ್ಸು, ಒಬ್ಬ ಮಗ. ನೀವು ನಿಜ ಹೇಳಿ ಅಂದಿದ್ದೀರಿ. ನನ್ನ ಲೆಕ್ಕದ ಪುಸ್ತಕ ತೆಗೆದು ನೋಡಿ ಬರೆಯುತ್ತಿದ್ದೇನೆ.

2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನನಗೆ ಬಂದದ್ದು 4 ಲಕ್ಷ 5 ಸಾವಿರ. ಎಲ್ಲಿಂದ ಬಂತು ಅನ್ನುವುದು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಎರಡು ಬೇಸಿಗೆ ಶಿಬಿರ, 70 ಸಾವಿರ. ಒಂದು ಶಾಲೆಯಲ್ಲಿ ವಾರಕ್ಕೆ ಎರಡು ದಿನ ನಾಟಕದ ಕ್ಲಾಸು, ತಿಂಗಳಿಗೆ 12 ಸಾವಿರದಂತೆ ಒಂಬತ್ತು ತಿಂಗಳು, 1 ಲಕ್ಷ 8 ಸಾವಿರ. ಒಂದು ಕಾಲೇಜಿನ ಹುಡುಗರಿಗೆ ಸ್ಪರ್ಧೆಗೆ ನಾಟಕ ಮಾಡಿಸಿದ್ದು 40 ಸಾವಿರ. ಬೇರೆ ತಂಡಗಳ ನಾಟಕಕ್ಕೆ ಬೆಳಕು ಮಾಡಿದ್ದು 38 ಶೋ, ಶೋಗೆ ಎರಡೂವರೆ ಸಾವಿರ, ಒಟ್ಟು 95 ಸಾವಿರ. ಡಿಸೆಂಬರ್‌ನಲ್ಲಿ ಮೂರು ಶಾಲೆಗಳ ವಾರ್ಷಿಕೋತ್ಸವ, 60 ಸಾವಿರ. ಒಂದು ಧಾರಾವಾಹಿಯಲ್ಲಿ ಸಣ್ಣ ಪಾತ್ರ, ಆರು ದಿನ, 18 ಸಾವಿರ. ಅದು ಕೈಗೆ ಬಂದದ್ದು ಮೂರು ತಿಂಗಳು ಬಿಟ್ಟು.

ಇನ್ನು ರಂಗದ ಮೇಲೆ ನಿಂತು ನಟನೆ ಮಾಡಿದ್ದು. 22 ಶೋ. ಬಂದದ್ದು 14 ಸಾವಿರ.

ಇದನ್ನು ಮಗಳಿಗೂ ತೋರಿಸಿ ಅಣ್ಣಾ. ನಾನು ಕಲಿತದ್ದು ನಟನೆ. ನನಗೆ ಅನ್ನ ಹಾಕುತ್ತಿರುವುದು ಮಕ್ಕಳ ಜೊತೆ ಕೆಲಸ ಮತ್ತು ಬೆಳಕು. ಇದು ಬೇಜಾರಿನ ಮಾತಲ್ಲ. ಬೆಳಕು ಮಾಡುವುದು ನನಗೆ ನಟನೆಯಷ್ಟೇ ಇಷ್ಟ. ಆದರೆ ಯಾವ ಕಾಲೇಜಿನ ಬ್ರೋಷರಿನಲ್ಲೂ ಈ ಲೆಕ್ಕ ಇರುವುದಿಲ್ಲ. ವರ್ಷದ ದುಡ್ಡನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 33 ಸಾವಿರ ಚಿಲ್ಲರೆ ಅನ್ನಿಸುತ್ತದೆ. ಅದು ಹಾಗೆ ಬರುವುದಿಲ್ಲ. ಜೂನ್‌ನಲ್ಲಿ ನನಗೆ ಬಂದದ್ದು ಸೊನ್ನೆ. ಕಂತು ಜೂನ್ ತಿಂಗಳಲ್ಲೂ ಐದನೇ ತಾರೀಕಿಗೇ ಬರುತ್ತದೆ. ಮತ್ತೆ ಇದು ಹದಿನೇಳನೇ ವರ್ಷದ ಲೆಕ್ಕ. ಮೊದಲ ವರ್ಷ ಇಡೀ ವರ್ಷಕ್ಕೆ 60 ಸಾವಿರವೂ ದಾಟಿರಲಿಲ್ಲ.

ನಾನು ಕಲಿತದ್ದು ಹೆಗ್ಗೋಡಿನ ನೀನಾಸಂನಲ್ಲಿ. 1980ರಲ್ಲಿ ಶುರುವಾದ ರಂಗ ಶಿಕ್ಷಣ ಕೇಂದ್ರ ಅದು. ಒಂದು ವರ್ಷದ ಡಿಪ್ಲೊಮಾ. ಅಲ್ಲೇ ಇದ್ದು, ಅಲ್ಲೇ ಉಂಡು ಕಲಿಯುವುದು. ನಮ್ಮಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಮುಗಿಯಿತು, ಸಾಲ ಮಾಡಲಿಲ್ಲ. ಅದಾದ ಮೇಲೆ ತಿರುಗಾಟಕ್ಕೆ ಸೇರಿದೆ, ಅಂದರೆ ಊರೂರು ಸುತ್ತಿ ನಾಟಕ ಆಡುವ ನೀನಾಸಂನ ತಂಡಕ್ಕೆ. ಎರಡು ವರ್ಷ. ಬೆಳಗ್ಗೆ ಒಂದು ಊರು ಮುಟ್ಟುವುದು. ಗಾಡಿಯಿಂದ ಸೆಟ್ಟು, ಕಾಸ್ಟ್ಯೂಮಿನ ಟ್ರಂಕು, ಲೈಟು ಇಳಿಸುವುದು. ಊರಿನ ಸ್ಟೇಜ್ ಎಷ್ಟಿದೆ ಅಂತ ಹೆಜ್ಜೆ ಹಾಕಿ ಅಳೆಯುವುದು. ಕೆಲವು ಕಡೆ ಕರೆಂಟಿನ ಲೋಡ್ ಸಾಲದು, ಇರುವ ನಾಲ್ಕು ಲೈಟಲ್ಲೇ ನಾಟಕ ಎತ್ತಬೇಕು. ಸಂಜೆ ಶೋ. ರಾತ್ರಿ ಎಲ್ಲ ಬಿಚ್ಚಿ ಮತ್ತೆ ಗಾಡಿಗೆ ತುಂಬುವುದು. ಬೆಳಕಿನ ಕೆಲಸ ನನಗೆ ಬಂದದ್ದು ಅಲ್ಲಿ. ಹೀಗೆ ಮಾಡು ಅಂತ ಯಾರೂ ಪಾಠ ಹೇಳಲಿಲ್ಲ, ಆ ನಾಲ್ಕು ಲೈಟುಗಳು ಕಲಿಸಿದವು.

ಆಗ ಕೈಗೆ ಸಿಗುತ್ತಿದ್ದುದು ತುಂಬಾ ಕಡಿಮೆ. ಆದರೆ ಊಟ, ಓಡಾಟಕ್ಕೆ ಚಿಂತೆ ಇರಲಿಲ್ಲ. ಮನೆಗೆ ದುಡ್ಡು ಕಳಿಸಬೇಕಾಗಿರಲಿಲ್ಲ. ತಿಂಗಳಿಗೆ 16 ಸಾವಿರ ಕಂತು ಇದ್ದಿದ್ದರೆ ನಾನು ತಿರುಗಾಟಕ್ಕೆ ಹೋಗುತ್ತಲೇ ಇರಲಿಲ್ಲ. ಕಾಲ್ ಸೆಂಟರಿಗೆ ಹೋಗುತ್ತಿದ್ದೆ. ಹಾಗೆ ಹೋದ ಸ್ನೇಹಿತರಿದ್ದಾರೆ, ನನಗಿಂತ ಒಳ್ಳೆಯ ನಟರು. ನಾನು ಹೇಳಬೇಕಾದ ಒಂದೇ ಮಾತು ಇದು ಅಣ್ಣಾ. ನಾಟಕದವನಿಗೆ ಕೆಲಸ ಕೈಗೆ ಹತ್ತುವುದು ಕಲಿಕೆ ಮುಗಿದ ಮೇಲಿನ ಎರಡು ಮೂರು ವರ್ಷದಲ್ಲಿ. ದುಡ್ಡು ಬಾರದ ವರ್ಷಗಳೂ ಅವೇ. ಸಾಲದ ಕಂತು ಶುರುವಾಗುವುದೂ ಸರಿಯಾಗಿ ಅಲ್ಲೇ.

ದುಡ್ಡು ಕಡಿಮೆ ಇರುವ ದಾರಿಗಳಿವೆ. ಮೈಸೂರಿನ ರಂಗಾಯಣದಲ್ಲಿ ರಂಗ ಶಿಕ್ಷಣ ಕೇಂದ್ರ ಇದೆ. ಸಾಣೇಹಳ್ಳಿಯಲ್ಲಿ ನಾಟಕದ ಶಾಲೆ ಇದೆ, ನಿಮ್ಮ ಮಗಳಿಗೆ ಜಾಗ ಗೊತ್ತೇ ಇದೆ. ದೆಹಲಿಯ ಎನ್‌ಎಸ್‌ಡಿಯಲ್ಲಿ, ಅಂದರೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಮೂರು ವರ್ಷದ ಕೋರ್ಸು, ಓದುವವರಿಗೇ ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡುತ್ತಾರೆ. ಸೀಟು ಸಿಗುವುದು ಬಹಳ ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಯಾವುದಾದರೂ ಒಂದು ಡಿಗ್ರಿ ಆಗಿರಬೇಕು, ಕನಿಷ್ಠ ಆರು ನಾಟಕದಲ್ಲಿ ಕೆಲಸ ಮಾಡಿರಬೇಕು, ಹಿಂದಿ ಮತ್ತು ಇಂಗ್ಲಿಷ್ ತಕ್ಕಮಟ್ಟಿಗೆ ಬರಬೇಕು. ಬೆಂಗಳೂರಿನಲ್ಲೂ ಎನ್‌ಎಸ್‌ಡಿ ಕೇಂದ್ರ ಇದೆ, ಒಂದು ವರ್ಷದ ಕೋರ್ಸು.

ಅಂದರೆ ಈಗ ಹತ್ತಿರದ ಕಾಲೇಜಿನಲ್ಲಿ ಡಿಗ್ರಿ, ಸಂಜೆ ಒಂದು ಹವ್ಯಾಸಿ ತಂಡ. ಮೂರು ವರ್ಷದಲ್ಲಿ ಆರು ನಾಟಕ ಆಗುತ್ತದೆ. ಡಿಗ್ರಿಯೂ ಆಗುತ್ತದೆ. ಆಗ ಅವಳಿಗೆ 21 ವರ್ಷ. ನಾಟಕಕ್ಕೆ ಅದೇನೂ ತಡ ಅಲ್ಲ. ಆಗಲೂ ಆಸೆ ಇಷ್ಟೇ ಇದ್ದರೆ ಅಲ್ಲಿಂದ ಮುಂದೆ ಯಾರೂ ತಡೆಯಬೇಡಿ.

ನಾಟಕದ ಟೀಚರ್

ಲೈಟಿನ ಅಣ್ಣ ಹೇಳಿದ್ದು ಬಹುಪಾಲು ನಿಜ. ಆದರೆ ಸಾಲ ಮಾಡಿ ಕಲಿತವಳು ನಾನು, ನನ್ನ ಮಾತನ್ನೂ ಕೇಳಿ.

2017ರಿಂದ 2019ರವರೆಗೆ ಹೊರರಾಜ್ಯದ ಒಂದು ಖಾಸಗಿ ಸಂಸ್ಥೆಯಲ್ಲಿ ಎಂ.ಎ. ಮಾಡಿದೆ. ಸಾಲ 6 ಲಕ್ಷ. ಕಲಿಸಿದವರು ತುಂಬಾ ಒಳ್ಳೆಯವರು. ಧ್ವನಿ, ದೇಹ, ನಾಟಕ ಓದುವ ರೀತಿ, ಎಲ್ಲ ಅಲ್ಲಿ ಕಲಿತೆ. ಆ ಎರಡು ವರ್ಷ ಯಾರು ಕೇಳಿದರೂ ವಾಪಸ್ ಕೊಡಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲ ನಾಟಕ ನಿಂತವು. ನನ್ನ ಕಂತು ಶುರುವಾಗುವ ವರ್ಷ ಅದು. ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಬಡ್ಡಿ ಮಾತ್ರ ಸೇರುತ್ತಲೇ ಹೋಯಿತು. ಆಮೇಲೆ ತಿಂಗಳಿಗೆ 9,900. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದು. ಬೆಂಗಳೂರಿನಲ್ಲಿ ತಾಲೀಮು ನಡೆಯುವುದೇ ಸಂಜೆ ಆರೂವರೆಯಿಂದ ಒಂಬತ್ತೂವರೆ. ಎರಡೂವರೆ ವರ್ಷ ಒಂದು ನಾಟಕವನ್ನೂ ಮಾಡಲಿಲ್ಲ. ತಂಡದವರು ಮೊದಲು ಫೋನ್ ಮಾಡುತ್ತಿದ್ದರು, ಆಮೇಲೆ ನಿಂತುಹೋಯಿತು. ಕಂತು ಕಟ್ಟುವುದಕ್ಕಿಂತ ನನಗೆ ನೋವಾದದ್ದು ಅದು.

ಈಗ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾಟಕದ ಟೀಚರ್. 48 ಸಾವಿರ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಬೇಸಿಗೆಯಲ್ಲಿ ಸಂಬಳದ ರಜೆ. ಮತ್ತೆ ತಂಡಕ್ಕೆ ಹೋಗುತ್ತಿದ್ದೇನೆ. ಇಲ್ಲಿ ಒಂದು ವಿಷಯ ಗಮನಿಸಿ. ಈ ಕೆಲಸಕ್ಕೆ ಅವರು ಮೊದಲು ಕೇಳಿದ್ದು ಎಂ.ಎ. ಸರ್ಟಿಫಿಕೇಟ್. ನನ್ನ ಜೊತೆ ಇಂಟರ್‌ವ್ಯೂಗೆ ಬಂದಿದ್ದ ಒಬ್ಬರು ನನಗಿಂತ ಹತ್ತು ಪಟ್ಟು ಅನುಭವ ಇದ್ದವರು, ಒಂದು ವರ್ಷದ ಡಿಪ್ಲೊಮಾ ಮಾತ್ರ ಇತ್ತು. ಅವರನ್ನು ತೆಗೆದುಕೊಳ್ಳಲಿಲ್ಲ. ಅದು ಸರಿ ಅಂತ ನಾನು ಹೇಳುತ್ತಿಲ್ಲ, ನಡೆಯುವುದು ಹಾಗೆ. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಅಧ್ಯಾಪಕರ ಅರ್ಹತೆಗೆ ನಡೆಯುವ ಎನ್‌ಇಟಿ ಪರೀಕ್ಷೆಯಲ್ಲಿ ರಂಗಭೂಮಿ ಸೇರಿದ ಪ್ರದರ್ಶಕ ಕಲೆಯ ವಿಷಯ ಇದೆ, ಅದಕ್ಕೂ ಸ್ನಾತಕೋತ್ತರ ಪದವಿ ಬೇಕು.

ಆದ್ದರಿಂದ ಡಿಗ್ರಿ ದಂಡ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ಆ ಎಂ.ಎ. ನನಗೆ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಪುದುಚೇರಿಯಲ್ಲೋ ಇದಕ್ಕಿಂತ ಎಷ್ಟೋ ಕಡಿಮೆಗೆ ಆಗುತ್ತಿತ್ತು. ಎರಡೂ ಕಡೆ ರಂಗಭೂಮಿ ವಿಭಾಗ ಇದೆ. ನನಗೆ ಆಗ ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸರ್, ಒಂದು ಕೆಲಸ ಮಾಡಿ. ಆ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, ಮೂರು ವರ್ಷದ ಹಿಂದೆ ಮುಗಿಸಿದ ಬ್ಯಾಚಿನ ಗ್ರೂಪ್ ಫೋಟೋ ಕೇಳಿ. ವೆಬ್‌ಸೈಟಿನಲ್ಲಿ ಹಾಕಿರುವ ಇಬ್ಬರು ಮೂವರ ಬಗ್ಗೆ ಅವರೇ ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತಿರುವವರ ಪೈಕಿ ಇಬ್ಬರ ನಂಬರ್ ಕೊಡಿಸಿ ಅನ್ನಿ. ನಿಮ್ಮ ಮಗಳೇ ಅವರ ಜೊತೆ ಮಾತಾಡಲಿ. ಬೇಕಿದ್ದರೆ ನನ್ನ ಜೊತೆಯೂ ಮಾತಾಡಲಿ, ಇಲ್ಲೇ ಖಾಸಗಿ ಮೆಸೇಜ್ ಹಾಕಲಿ.

ತುಮಕೂರಿನ ಅತ್ತೆ

ನಮ್ಮಣ್ಣನ ಮಗಳು ಬಿ.ಕಾಂ. ಓದುತ್ತಾ ತುಮಕೂರಿನ ಒಂದು ತಂಡದಲ್ಲಿ ನಾಟಕ ಮಾಡುತ್ತಿದ್ದಾಳೆ. ಎರಡು ವರ್ಷದಲ್ಲಿ ನಾಲ್ಕು ನಾಟಕ ಆಯಿತು. ರಾತ್ರಿ ತಾಲೀಮು ಮುಗಿಸಿ ಬರುವಾಗ ಒಬ್ಬಳೇ ಆಗುತ್ತಾಳೆ ಅನ್ನುವುದೊಂದೇ ನಮಗೆ ಭಯ ಇತ್ತು. ತಂಡದ ಹಿರಿಯರೊಬ್ಬರು ಮನೆಯವರೆಗೆ ಬಿಟ್ಟು ಹೋಗುತ್ತಾರೆ. ತಂಡ ಸೇರಿಸುವ ಮುಂಚೆ ನೀವು ಒಂದು ಸಂಜೆ ಹೋಗಿ ತಾಲೀಮು ನೋಡಿ ಬನ್ನಿ ಅಣ್ಣ.

ತಿಪಟೂರು ಕಂಡಕ್ಟರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಬಂದ ಮೇಲೆ ಮಗಳನ್ನು ಕೂರಿಸಿಕೊಂಡು ಎಲ್ಲ ಓದಿಸಿದೆ. ಬ್ಯಾಂಕಿನ ಸಾಹೇಬರ ಲೆಕ್ಕವನ್ನು ಅವಳೇ ಕೊಬ್ಬರಿ ಮಂಡಿಯ ಚೀಟಿಯ ಹಿಂದೆ ಬರೆದು ಮತ್ತೊಮ್ಮೆ ಹಾಕಿ ನೋಡಿದಳು. ಸರಿ ಬಂತು. 14 ಸಾವಿರ ಅನ್ನುವ ಕಡೆ ಬಹಳ ಹೊತ್ತು ನಿಂತಳು. "ಅಪ್ಪಾ, ಇವರು ಇಷ್ಟಾದರೂ ಬಿಟ್ಟಿಲ್ಲ ಅಲ್ವಾ" ಅಂದಳು. ನಾನು ಅದನ್ನು ಬೇರೆ ರೀತಿ ಓದಿದ್ದೆ.

ಟೀಚರ್ ಮೇಡಂಗೆ ಇವತ್ತು ಮೆಸೇಜ್ ಹಾಕಿದ್ದಾಳೆ. ವಿಶ್ವವಿದ್ಯಾಲಯದವರು ಫೋಟೋ ಕಳಿಸುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಆ ಸಂಸ್ಥೆ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿ ಇಲ್ಲ, ನೋಡಿದೆವು.

ಶುಕ್ರವಾರ ಅಡ್ವಾನ್ಸ್ ಕಟ್ಟುವುದಿಲ್ಲ. ಹಾಗಂತ ಅವಳೇ ಹೇಳಿದಳು, ಆದರೆ ಹೇಳುವಾಗ ಕಣ್ಣಲ್ಲಿ ನೀರಿತ್ತು. ಇಲ್ಲೇ ಡಿಗ್ರಿಗೆ ಸೇರುತ್ತಾಳೆ. ಭಾನುವಾರ ನನಗೆ ವಾರದ ರಜೆ, ತುಮಕೂರಿಗೆ ಹೋಗಿ ತಂಡ ನೋಡಿ ಬರುತ್ತೇವೆ. ಅಕ್ಕ, ನಿಮ್ಮಣ್ಣನ ಮಗಳು ಇರುವ ತಂಡ ಯಾವುದು ಅಂತ ಮೆಸೇಜಿನಲ್ಲಿ ತಿಳಿಸಿ. ಇಟ್ಟುಕೊಂಡಿರುವ 2 ಲಕ್ಷ 40 ಸಾವಿರ ಅವಳ ಹೆಸರಿನಲ್ಲೇ ಠೇವಣಿ ಹಾಕುತ್ತೇನೆ. ಮೂರು ವರ್ಷ ಬಿಟ್ಟು ಹೆಗ್ಗೋಡಿಗೋ ಮೈಸೂರಿಗೋ ದೆಹಲಿಗೋ, ಎಲ್ಲಿಗೆ ಹೋದರೂ ಅದು ಅವಳದು. ಇದನ್ನು ಅವಳ ಮುಂದೆಯೇ ಹೆಂಡತಿಗೆ ಹೇಳಿದ್ದೇನೆ, ಮಗನಿಗೂ ಹೇಳಿದ್ದೇನೆ.

ಲೈಟಿನ ತಮ್ಮಾ, ಒಂದು ಕೇಳಬೇಕು. ಆ ಆರು ನಾಟಕ ಮಾಡಿದ್ದಕ್ಕೆ ಪುರಾವೆ ಏನು ಕೊಡಬೇಕು? ನಮ್ಮೂರ ಹಬ್ಬದ ನಾಟಕ ಲೆಕ್ಕಕ್ಕೆ ಬರುತ್ತದಾ?

ಲೈಟಿನವನು, ಬೆಂಗಳೂರು

ಅಣ್ಣಾ, ಪ್ರತಿ ನಾಟಕದ್ದೂ ಮೂರು ಇಟ್ಟುಕೊಳ್ಳಲಿ. ಅವಳ ಹೆಸರು ಅಚ್ಚಾಗಿರುವ ಬ್ರೋಷರ್ ಅಥವಾ ಕರಪತ್ರ, ಫೋಟೋ, ನಿರ್ದೇಶಕರಿಂದ ಸಹಿ ಮಾಡಿಸಿದ ಒಂದು ಪತ್ರ. ಶೋ ಮುಗಿದ ವಾರದಲ್ಲೇ ಪತ್ರ ತೆಗೆದುಕೊಳ್ಳಬೇಕು, ವರ್ಷ ಬಿಟ್ಟು ಕೇಳಿದರೆ ನಿರ್ದೇಶಕರು ಎಲ್ಲಿರುತ್ತಾರೋ. ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಊರ ನಾಟಕದ ಕರಪತ್ರವನ್ನೂ ಅದರಲ್ಲೇ ಹಾಕಿಡಿ. ಲೆಕ್ಕಕ್ಕೆ ಹಿಡಿಯುತ್ತಾರಾ ಇಲ್ಲವಾ ಅನ್ನುವುದನ್ನು ಅರ್ಜಿ ಹಾಕುವ ವರ್ಷ ಅವರನ್ನೇ ಕೇಳೋಣ, ನಾನೂ ವಿಚಾರಿಸುತ್ತೇನೆ. ಹಿಂದಿ ಈಗಿನಿಂದಲೇ ಶುರು ಮಾಡಲಿ.

ಮತ್ತೆ ತುಮಕೂರಿನ ತಂಡದಲ್ಲಿ ಬರೀ ಪಾರ್ಟಿಗೆ ಕಾಯುವುದು ಬೇಡ ಅಂತ ಹೇಳಿ. ಮೊದಲ ನಾಟಕಕ್ಕೆ ಲೈಟ್ ಕಟ್ಟುವವರ ಜೊತೆ ಏಣಿ ಹಿಡಿದುಕೊಂಡು ನಿಲ್ಲಲಿ.